ಅಜ್ಜಿಯ ಉಸಿರಿಗೆ ಒಣ ಎಲೆ

'ಹಸಿರು ಮನೆ, ಹಸಿರು ಮಗು' ಯೋಜನೆಯನ್ನು ನಮ್ಮ ಮಕ್ಕಳ ಶಾಲೆಗಳಿಗೆ ಕಳಿಸಿಕೊಟ್ಟ ಶಿಕ್ಷಣ ಇಲಾಖೆಯ ನಿರ್ದೇಶಕರಿಗೆ,

ಮಾನ್ಯರೇ,

ತನ್ನ ಅಜ್ಜಿ ಉಸಿರಾಡುವುದರಿಂದ ಭೂಮಿ ಹಾಳಾಗುತ್ತಿದೆ ಎಂದು ನನ್ನ ಮಗಳು ನಂಬಿದ್ದಾಳೆ. ಅವಳಿಗೆ ಹತ್ತು ವರ್ಷ. ಇದನ್ನು ನಾನು ಹೇಳಿಕೊಟ್ಟಿಲ್ಲ, ಅವರಪ್ಪನೂ ಹೇಳಿಕೊಟ್ಟಿಲ್ಲ. ಹೇಳಿಕೊಟ್ಟವರು ನೀವು. ನಿಮ್ಮನ್ನು ಕಂಡು ಹೇಳೋಣವೆಂದು ಕಚೇರಿಗೂ ಬಂದಿದ್ದೆ. "ಸಾಹೇಬರು ಮೀಟಿಂಗಲ್ಲಿದಾರೆ" ಅಂದರು. ಪರಿಸರದ ಮೀಟಿಂಗಂತೆ. ಜಗಳ ಆಡುವಷ್ಟು ತ್ರಾಣ ನನ್ನಲ್ಲಿ ಉಳಿದಿಲ್ಲ. ಅದಕ್ಕೇ ಹೀಗೆ ನಾಲ್ಕು ಜನರ ಎದುರು ಬರೆಯುತ್ತಿದ್ದೇನೆ.

ನಿಮ್ಮ ಯೋಜನೆ ಏನೆಂದು ನಿಮಗೇ ನೆನಪಿಸಬೇಕಾದ ಗತಿ ನನ್ನದು. ಪ್ರತಿ ಸೋಮವಾರ ಮಗು ಮನೆಯ ಕರೆಂಟ್ ಮೀಟರ್ ನೋಡಿ ಹಿಂದಿನ ವಾರ ಎಷ್ಟು ಯೂನಿಟ್ ಖರ್ಚಾಯಿತೆಂದು ಟೀಚರಿಗೆ ಹೇಳಬೇಕು. ತರಗತಿಯ ಗೋಡೆಯ ಮೇಲೆ ಬಣ್ಣದ ಕಾಗದದಲ್ಲಿ ಒಂದು ಮರ. ಕಡಿಮೆ ಖರ್ಚು ಮಾಡಿದ ಮಗುವಿನ ಹೆಸರಿಗೆ ಅದರಲ್ಲಿ ಹಸಿರು ಎಲೆ, ಸುಮಾರಾಗಿ ಖರ್ಚು ಮಾಡಿದವರಿಗೆ ಹಳದಿ ಎಲೆ, ಹೆಚ್ಚು ಮಾಡಿದವರಿಗೆ ಒಣ ಎಲೆ. ಒಣ ಎಲೆ ಬಂದ ಮಗು ಬೆಳಗಿನ ಅಸೆಂಬ್ಲಿಯಲ್ಲಿ ಎದ್ದು ನಿಂತು "ಈ ವಾರ ನಾನು ಇಂಥದ್ದನ್ನು ಬಿಡುತ್ತೇನೆ" ಎಂದು ಎಲ್ಲರ ಎದುರು ಹೇಳಬೇಕು. ವೈಯಕ್ತಿಕ ಹೊಣೆಗಾರಿಕೆ ಎಳೆಯ ವಯಸ್ಸಿನಲ್ಲೇ ಬರಲಿ ಎಂಬುದು ನಿಮ್ಮ ಸುತ್ತೋಲೆಯ ಆಶಯ. ಆಶಯಕ್ಕೇನು ಕಮ್ಮಿ, ಚೆನ್ನಾಗಿಯೇ ಇದೆ.

ಮಕ್ಕಳಿಗೆ ಹೊಣೆ ಕಲಿಸಬೇಡಿ ಎಂದು ನಾನು ಹೇಳುತ್ತಿಲ್ಲ. ನಾನು ಹೊಲಿಗೆ ಅಂಗಡಿಯಲ್ಲಿ ದುಡಿಯುವವಳು. ಹರಿದದ್ದನ್ನು ಹೊಲಿದು, ಗಿಡ್ಡವಾದದ್ದನ್ನು ಉದ್ದ ಮಾಡಿ, ಅಪ್ಪನ ಪ್ಯಾಂಟನ್ನು ಮಗನ ಅಳತೆಗೆ ಇಳಿಸಿ ಕೊಡುವುದೇ ನನ್ನ ಕಸುಬು. ನಮ್ಮ ಮನೆಯಲ್ಲಿ ತುಂಡು ಬಟ್ಟೆಯೂ ವ್ಯರ್ಥವಾಗುವುದಿಲ್ಲ, ಇದಕ್ಕೆ ಯಾರೂ ಎಲೆ ಕೊಡದಿದ್ದರೂ ಪರವಾಗಿಲ್ಲ. ನಿಮ್ಮ ಯೋಜನೆಯ ಉದ್ಘಾಟನೆಗೆ ಬಟ್ಟೆ ಚೀಲ ಹೊಲಿದುಕೊಟ್ಟದ್ದು ನಮ್ಮ ಅಂಗಡಿಯೇ. ಒಂದೊಂದು ಚೀಲವನ್ನೂ ಒಂದೊಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಡಿ, ಧೂಳು ಕೂರಬಾರದು ಎಂದು ನಿಮ್ಮ ಕಚೇರಿಯಿಂದ ಅಪ್ಪಣೆಯಾಗಿತ್ತು. ಹಾಕಿಕೊಟ್ಟೆವು. ಸಭಾಂಗಣಕ್ಕೆ ತಲುಪಿಸಲು ಬಂದಾಗ ಒಳಗೆ ಎಸಿ ಎಷ್ಟಿತ್ತೆಂದರೆ ವೇದಿಕೆಯ ಮೇಲಿದ್ದವರಿಗೆ ಹೊದೆಸಿದ ಸನ್ಮಾನದ ಶಾಲನ್ನು ಒಬ್ಬರೂ ತೆಗೆದಿಟ್ಟಿರಲಿಲ್ಲ. ಆ ಸಭಾಂಗಣಕ್ಕೆ ಯಾವ ಬಣ್ಣದ ಎಲೆ ಬಂತೋ ನನಗೆ ಗೊತ್ತಿಲ್ಲ.

ಇನ್ನು ನಮ್ಮ ಮನೆಯ ವಿಷಯ. ಎರಡು ಕೋಣೆ, ಒಂದು ಅಡುಗೆಮನೆ. ಒಳಕೋಣೆಯಲ್ಲಿ ನಮ್ಮತ್ತೆ ಮಲಗಿರುತ್ತಾರೆ. ಅವರ ಶ್ವಾಸಕೋಶ ಕೆಟ್ಟು ಎಷ್ಟೋ ವರ್ಷವಾಯಿತು. ಮಂಚದ ಪಕ್ಕದಲ್ಲಿ ಆಕ್ಸಿಜನ್ ಕೊಡುವ ಮಿಷನ್ ಇದೆ, ಅದರ ಕೊಳವೆ ಅವರ ಮೂಗಿನಲ್ಲಿರುತ್ತದೆ. ಹಗಲೂ ರಾತ್ರಿಯೂ ಅದು ಗುರ್ ಎನ್ನುತ್ತಲೇ ಇರಬೇಕು, ಕರೆಂಟಿನಲ್ಲೇ ಓಡಬೇಕು. ನಮಗೆಲ್ಲ ಆ ಸದ್ದು ಎಷ್ಟು ರೂಢಿಯಾಗಿದೆಯೆಂದರೆ ಅದು ಇದೆಯೆಂಬುದೇ ಮರೆತುಹೋಗಿರುತ್ತದೆ.

ಮೊದಲ ಸೋಮವಾರವೇ ಮಗಳಿಗೆ ಒಣ ಎಲೆ ಬಂತು. ಅಸೆಂಬ್ಲಿಯಲ್ಲಿ ಎದ್ದು ಫ್ಯಾನ್ ಬಿಡುತ್ತೇನೆ ಎಂದಳಂತೆ. ಸೆಕೆಯಲ್ಲಿ ಬೆವರಿಳಿಸಿಕೊಂಡು ಕೂತಳು. ಆಮೇಲೆ ಇಸ್ತ್ರಿ ಬಿಟ್ಟಳು, ಮುದುಡಿದ ಯೂನಿಫಾರ್ಮಿನಲ್ಲೇ ಹೋದಳು. ಸಂಜೆ ಕಿಟಕಿಯ ಬೆಳಕಿನಲ್ಲಿ ಕಣ್ಣು ಕಿರಿದು ಮಾಡಿಕೊಂಡು ಓದಿದಳು. ಅವರಪ್ಪ ಫೋನ್ ಚಾರ್ಜಿಗೆ ಹಾಕಿ ಅತ್ತ ತಿರುಗಿದರೆ ಸಾಕು, ಕಿತ್ತಿಡುತ್ತಿದ್ದಳು. "ಬಂದ್ಲಪ್ಪ ಮೀಟರಮ್ಮ" ಎಂದು ಅವರು ನಗುತ್ತಿದ್ದರು. ನಾನೂ ನಕ್ಕೆ. ಹುಡುಗಿಗೆ ಜವಾಬ್ದಾರಿ ಬಂತಲ್ಲ ಎಂದು ಒಳಗೊಳಗೇ ಹೆಮ್ಮೆಯೂ ಆಗಿತ್ತು ಅನ್ನಿ.

ಇಷ್ಟಾದರೂ ಮತ್ತೆ ಒಣ ಎಲೆ, ಅದರ ಮುಂದಿನ ವಾರವೂ ಒಣ ಎಲೆ. ಅವಳ ಪಕ್ಕದ ಬೆಂಚಿನ ಹುಡುಗನಿಗೆ ಮಾತ್ರ ಹಸಿರು ಎಲೆಯ ಜೊತೆಗೆ ಕಾಗದದ ಕಿರೀಟ. ಅವರ ಮನೆಯವರೆಲ್ಲ ವಿಮಾನ ಹತ್ತಿ ಸಮುದ್ರ ನೋಡಲು ಹೋಗಿದ್ದರು, ವಾರವಿಡೀ ಮನೆಗೆ ಬೀಗ. ಬೀಗ ಹಾಕಿದ ಮನೆಯಲ್ಲಿ ಮೀಟರ್ ಓಡುತ್ತದೆಯೇ? ವಿಮಾನಕ್ಕೆ ನಿಮ್ಮ ಮರದಲ್ಲಿ ಜಾಗವಿಲ್ಲ, ಏಕೆಂದರೆ ಅದು ಯಾರ ಮನೆಯ ಮೀಟರಿಗೂ ಸಿಕ್ಕುವುದಿಲ್ಲ. ಆ ಮಗುವಿನ ತಪ್ಪೇನಿಲ್ಲ, ಪಾಪ, ಕೊಟ್ಟ ಕಿರೀಟ ಹಾಕಿಕೊಂಡಿದೆ.

ನಾನು ಮಗಳ ಜೊತೆ ಶಾಲೆಗೆ ಹೋಗಿ ಟೀಚರನ್ನು ಕಂಡೆ. ಮಿಷನ್ನಿನ ವಿಷಯ ಹೇಳಿ, ಅದರ ಯೂನಿಟ್ ಕಳೆದು ಲೆಕ್ಕ ಹಾಕಿ ಎಂದೆ. ಟೀಚರಮ್ಮ ಕೆಟ್ಟವರಲ್ಲ. "ನಂಗೂ ಅರ್ಥವಾಗತ್ತೆ ಕಣ್ರೀ. ಆದ್ರೆ ಅದಕ್ಕೆ ಕಾಲಂ ಇಲ್ಲ. ನಾನೇನ್ ಮಾಡ್ಲಿ, ಎಲ್ಲಾ ಮೇಲಿಂದ ಬಂದಿರೋದು" ಎಂದರು. ಮೇಲಿಂದ ಎಂದರೆ ತಮ್ಮಿಂದ. ಕಾಲಂ ಇಲ್ಲದ ಮುದುಕಿಯನ್ನು ಎಲ್ಲಿಗೆ ಸೇರಿಸಬೇಕು ಎಂದು ಕೇಳುವ ಧೈರ್ಯ ನನಗೂ ಆಗಲಿಲ್ಲ, ಅಂಗಡಿಗೆ ಹೊತ್ತಾಗುತ್ತಿತ್ತು.

ಮರು ಸೋಮವಾರ ಅಸೆಂಬ್ಲಿಯಲ್ಲಿ ನನ್ನ ಮಗಳು ಎದ್ದು ನಿಂತು, "ಬಿಡೋಕೆ ಇನ್ನೇನೂ ಉಳಿದಿಲ್ಲ" ಎಂದಳಂತೆ. ಅಲ್ಲಿದ್ದವರು ಯಾರೋ "ಯೋಚನೆ ಮಾಡು ಮರಿ, ಏನಾದ್ರೂ ಇದ್ದೇ ಇರತ್ತೆ" ಎಂದರಂತೆ. ಅವಳು ಯೋಚನೆ ಮಾಡಿದಳು. ಮನೆಗೆ ಬಂದು ಚೀಲವನ್ನೂ ಇಳಿಸದೆ ಅಜ್ಜಿಯ ಮಂಚದ ಪಕ್ಕ ಕೂತು ಮಿಷನ್ನನ್ನೇ ನೋಡಿದಳು. ನಮ್ಮತ್ತೆಯ ಕಣ್ಣು ತಪ್ಪಿಸುವುದುಂಟೇ! ಕೆದಕಿ ಕೆದಕಿ ಕೇಳಿ ವಿಷಯವೆಲ್ಲ ಬಾಯಿ ಬಿಡಿಸಿದ್ದಾರೆ. "ಅಷ್ಟೇ ತಾನೆ? ಅಳ್ತಾರೇನೇ ಇದಕ್ಕೆ? ಈ ಮಿಷನ್ನು ಬರೋಕೆ ಮುಂಚೆ ನಾನೇನು ಉಸಿರಾಡ್ತಾ ಇರ್ಲಿಲ್ವಾ? ದಿನಾ ನಿಮ್ಮಮ್ಮ ಬರೋವರ್ಗೂ ಆರಿಸಿಡೋಣ. ನಿಮ್ಮಮ್ಮಂಗೆ ಹೇಳ್ಬೇಡ" ಎಂದು ತಾವೇ ಕೈ ಚಾಚಿ ಸ್ವಿಚ್ ಆರಿಸಿದ್ದಾರೆ. ಅಜ್ಜಿ ಮೊಮ್ಮಗಳ ಗುಟ್ಟು. ಅಜ್ಜಿಗೆ ಏದುಸಿರು ಬಂದಾಗ ಇವಳು ಪುಸ್ತಕದಿಂದ ಗಾಳಿ ಬೀಸುತ್ತಿದ್ದಳಂತೆ.

ಒಂದು ದಿನ ಅಂಗಡಿಯಲ್ಲಿ ಕೆಲಸ ಬೇಗ ಮುಗಿದು ನಾನು ಮುಂಚೆಯೇ ಬಂದೆ. ಬಾಗಿಲು ತೆರೆದರೆ ಮನೆ ನಿಶ್ಶಬ್ದ. ಒಳಗೆ ಓಡಿದೆ. ಅತ್ತೆಯ ತುಟಿ ನೀಲಿಗಟ್ಟಿತ್ತು, ತಲೆ ಒಂದು ಪಕ್ಕಕ್ಕೆ ವಾಲಿತ್ತು. ಮಗಳು ಇನ್ನೂ ಗಾಳಿ ಬೀಸುತ್ತಲೇ ಇದ್ದಳು. "ಅಜ್ಜಿ ಮಲಗಿದಾರೆ, ಮೆತ್ತಗೆ ಮಾತಾಡಮ್ಮ" ಎಂದಳು.

ಬದುಕಿದರು. ಆಸ್ಪತ್ರೆಯ ವೈದ್ಯರು ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರು. ಆ ವಾರವೆಲ್ಲ ನಾವು ಆಸ್ಪತ್ರೆಯಲ್ಲೇ ಇದ್ದೆವು. ಮನೆಗೆ ಬೀಗ, ಮಿಷನ್ ಬಂದ್, ಮೀಟರ್ ತಣ್ಣಗೆ. ಸೋಮವಾರ ಬಟ್ಟೆ ತರಲೆಂದು ಮನೆಗೆ ಹೋದಾಗ ಮಗಳು ತಪ್ಪದೆ ಮೀಟರ್ ನೋಡಿಕೊಂಡಳು, ಶಾಲೆಯಲ್ಲಿ ಹೇಳಿದಳು. ಅವಳ ಹೆಸರಿಗೆ ಹಸಿರು ಎಲೆ ಬಂತು ಮಾನ್ಯರೇ. ಕಿರೀಟವೂ ಬಂತು. ಅಜ್ಜಿ ಮನೆಯಲ್ಲಿ ಇಲ್ಲದಿದ್ದರೆ ತಾನು ಒಳ್ಳೆಯ ಮಗು ಎಂದು ಅವಳಿಗೆ ಅಷ್ಟು ಸ್ಪಷ್ಟವಾಗಿ ನಮಗ್ಯಾರಿಗೂ ಹೇಳಲು ಆಗುತ್ತಿರಲಿಲ್ಲ. ಅವಳು ಆ ಕಿರೀಟವನ್ನು ಹರಿದುಹಾಕಿದಳು, ಅವತ್ತಿನಿಂದ ಶಾಲೆಗೆ ಹೋಗಿಲ್ಲ.

ಹೇಳಿ, ಯಾವ ಹೊಣೆಯನ್ನು ಕಲಿಸಿದಿರಿ? ಹಗಲೆಲ್ಲ ಉರಿಯುವ ಬೀದಿದೀಪ ಯಾರ ಹೊಣೆ? ಕಾರ್ಖಾನೆಯ ಹೊಗೆ ಯಾರ ಹೊಣೆ? ಅಲ್ಲೇ ಆ ಹೊಗೆ ಕುಡಿಯುತ್ತ ದುಡಿದು ನಮ್ಮತ್ತೆಯ ಎದೆ ಹಾಳಾಯಿತಲ್ಲ, ಅದಕ್ಕೆ ಯಾರು ಎಲ್ಲರೆದುರು ಎದ್ದು ನಿಂತರು? ದೊಡ್ಡವರಿಗೆ ಹೇಳಲು ನಿಮಗೆ ಬಾಯಿ ಬರಲಿಲ್ಲ, ಸಿಕ್ಕಿದವರು ಹತ್ತು ವರ್ಷದವರು. ಅವರು ನಂಬುತ್ತಾರೆ. ಹೇಳಿದ್ದಕ್ಕಿಂತ ಹೆಚ್ಚಾಗಿಯೇ ಮಾಡುತ್ತಾರೆ. ನಲ್ಲಿ ಬಂದ್ ಮಾಡಿ, ದೀಪ ಆರಿಸಿ, ಹರಿದದ್ದನ್ನು ಹೊಲಿದುಕೊಳ್ಳಿ ಎಂದು ಕಲಿಸಿ, ಬೇಕಾದರೆ ಹೊಲಿಗೆ ಹೇಳಿಕೊಡಲು ನಾನೇ ಬರುತ್ತೇನೆ. ಆದರೆ ಯಾವುದು ದುಂದು, ಯಾವುದು ಬದುಕು ಎಂದು ಬೇರ್ಪಡಿಸಿ ತೋರಿಸದೆ ಮಕ್ಕಳ ಕೈಗೆ ತಕ್ಕಡಿ ಕೊಡಬೇಡಿ.

ಮೊನ್ನೆ ಟೀಚರ್ ಮನೆಗೆ ಬಂದಿದ್ದರು. ಅತ್ತುಬಿಟ್ಟರು. ಮಗಳನ್ನು ಹತ್ತಿರ ಕೂರಿಸಿಕೊಂಡು, "ಅಜ್ಜಿ ಮಿಷನ್ನು ತಪ್ಪಲ್ಲ ಕಂದ, ಅದು ಲೆಕ್ಕಕ್ಕೇ ಇಲ್ಲ" ಎಂದರು. ಅವಳು ತಲೆಯೆತ್ತದೆ, "ನೀವು ಹೇಳಿದ್ರೆ ಆಗಲ್ಲ ಟೀಚರ್, ಮೇಲಿಂದ ಬರ್ಬೇಕು" ಎಂದಳು.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಎಲೆಗಳ ಮರವನ್ನು ಎಲ್ಲ ಶಾಲೆಗಳ ಗೋಡೆಗಳಿಂದ ತೆಗೆಸಿ. ಮಕ್ಕಳನ್ನು ಎಲ್ಲರೆದುರು ನಿಲ್ಲಿಸುವುದನ್ನು ಬಿಡಿಸಿ. ಇನ್ನೊಂದು ಸುತ್ತೋಲೆ ಕಳಿಸಿ ಕೈ ತೊಳೆದುಕೊಳ್ಳದೆ, ಖುದ್ದಾಗಿ ನಮ್ಮ ಮನೆಗೆ ಬನ್ನಿ. ಆ ಮಂಚದ ಪಕ್ಕ ಕೂತು, ನನ್ನ ಮಗಳ ಕಣ್ಣು ನೋಡಿ, ತಪ್ಪು ನಮ್ಮದು, ನಿನ್ನದಲ್ಲ, ನಿನ್ನ ಅಜ್ಜಿಯದಂತೂ ಅಲ್ಲವೇ ಅಲ್ಲ ಎಂದು ಹೇಳಿ. ತಡ ಮಾಡಬೇಡಿ. ಆಸ್ಪತ್ರೆಯಿಂದ ಬಂದ ಮೇಲೆ, ಕರೆಂಟ್ ಹೋಗಿ ಬಂದಾಗಲೆಲ್ಲ, ನಮ್ಮತ್ತೆ ಮಿಷನ್ ಮತ್ತೆ ಹಾಕುವ ಮುಂಚೆ ಒಮ್ಮೆ ಮೊಮ್ಮಗಳ ಮುಖ ನೋಡುತ್ತಾರೆ.

ಇಂತಿ,
'ತಮ್ಮ ವಿಶ್ವಾಸಿ' ಎಂದು ಬರೆಯಲು ಕೈ ಬಾರದ
ಒಬ್ಬ ಸೊಸೆ, ಒಬ್ಬ ತಾಯಿ