ಟರ್ನರ್ ಬಸಲಿಂಗಪ್ಪ

ಅಪ್ಪಾ,

ಇವತ್ತು ಕಾಲೇಜಿನಲ್ಲಿ ನಿನ್ನನ್ನು ಗೋಡೆಗೆ ಅಂಟಿಸಿದ್ದರು.

ಪೀಣ್ಯದ ಕಾರ್ಖಾನೆಗಳಲ್ಲಿ ನಿನ್ನ ಹಾಗೆ ಅಪಘಾತವಾಗಿ ಸತ್ತವರ ಮಕ್ಕಳ ಓದಿಗೆ ಚಂದಾ ಎತ್ತಲು ನಮ್ಮ ಕ್ಲಾಸಿನವರು ಭಾನುವಾರ ದಾಸರಹಳ್ಳಿಯಲ್ಲಿ ಓಟ ಇಟ್ಟುಕೊಂಡಿದ್ದಾರೆ. ಪೋಸ್ಟರಿಗೆ ನಿನ್ನ ಫೋಟೊ ಕೇಳಿದರು. ಆಯುಧಪೂಜೆಯ ದಿನ ಹಾರ ಹಾಕಿದ ಲೇಥ್ ಪಕ್ಕದಲ್ಲಿ ಇಸ್ತ್ರಿ ಅಂಗಿ ತೊಟ್ಟು ನಿಂತಿದ್ದೀಯಲ್ಲ, ಅದನ್ನು ಕೊಟ್ಟೆ. "ಮಷಿನ್ ಇದ್ರೆ ಪಾಪ ಅನ್ಸಲ್ಲ" ಎಂದು ಪೋಸ್ಟರ್ ಮಾಡಿದ ಸುಕೃತಿ ಲೇಥನ್ನು ಕತ್ತರಿಸಿ ಹಾಕಿ, ನಿನ್ನ ಮುಖವನ್ನಷ್ಟೇ ಉಳಿಸಿದ್ದಾಳೆ. ಕೆಳಗೆ ದಪ್ಪ ಅಕ್ಷರದಲ್ಲಿ 'ಬಡ ಕೂಲಿ ಕಾರ್ಮಿಕ ಬಸಲಿಂಗಪ್ಪ'.

ಮೈಯೆಲ್ಲ ಉರಿದುಹೋಯಿತು. ಹತ್ತೊಂಬತ್ತು ವರ್ಷ ಟರ್ನರ್ ಆಗಿ ಲೇಥ್ ನಡೆಸಿದವನು, ಕಡೆದ ಕಬ್ಬಿಣದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಬೆರಳಲ್ಲಿ ಸವರಿಯೇ ಹೇಳುತ್ತಿದ್ದವನು, ಕೂಲಿಯವನೇ? ಪೋಸ್ಟರ್ ಕಿತ್ತು ಅವಳ ಮುಂದೆ ಎಸೆದೆ. ಕಾಲೇಜಿಗೆಂದು ಕಲಿತ ಬೆಂಗಳೂರು ಮಾತು ಆ ಸಿಟ್ಟಿನಲ್ಲಿ ಮರೆತೇಹೋಯಿತು. "ನಮ್ಮಪ್ಪ ಕೂಲಿಯಂವ ಅಂತ ನಿನಗ ಯಾರ ಹೇಳ್ಯಾರ?" ಎಂದು ಇಡೀ ಕಾರಿಡಾರಿಗೆ ಕೇಳುವಂತೆ ಕಿರುಚಿದೆ.

ಅವಳು ಹೆದರಿಬಿಟ್ಟಳು. "ಆಫೀಸಲ್ಲಿ ನಿನ್ನ ಅಡ್ಮಿಶನ್ ಫಾರಂ ಕೊಟ್ರು. ಅದ್ರಲ್ಲಿ ಇದ್ದಿದ್ದನ್ನೇ ಬರೆದೆ ಕಣೇ."

ಆ ಫಾರಂ ತುಂಬುವಾಗ ನೀನು ನನ್ನ ಪಕ್ಕದಲ್ಲೇ ಕೂತಿದ್ದೆ. ತಂದೆಯ ಉದ್ಯೋಗ ಎಂಬಲ್ಲಿಗೆ ಬಂದಾಗ, "ಟರ್ನರ್ ಅಂತ ಬರಿಯವ್ವಾ" ಅಂದೆ. ಕೂಲಿ ಎಂದರೆ ಫೀಸು ಮಾಫಿ ಸಲೀಸಾಗಿ ಆಗುತ್ತದೆ ಎಂದು ಯಾರೋ ನನಗೆ ಹೇಳಿದ್ದರು.

ನಾನು ಬರೆದದ್ದನ್ನು ನೀನು ಎರಡು ಸಲ ಓದಿದೆ. ಕೆಳಗೆ ಸಹಿ ಹಾಕಿ, ಪೆನ್ನು ನನ್ನ ಕೈಗೆ ಕೊಟ್ಟೆ.

ನೀಲಾಂಬಿಕಾ