ಸೈಕಲ್ಲಿನವರಿಗೆ ಕಾಲಿಗೆ ನೀರು

ಸ್ಟ್ರೀಟ್ಸ್‌ವಿಲ್
ಮಂಗಳವಾರ, ೨೯ ಜುಲೈ ೨೦೨೫

ಪ್ರೀತಿಯ ನಿಜಗುಣಾ,

ಅವ್ವನ ಆಶೀರ್ವಾದ. ನಿನ್ನ ಕೆಮ್ಮು ಹೇಗಿದೆ? ಆ ಗಣಿಯ ಧೂಳಿನಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತೀಯೋ ಇಲ್ಲವೋ? ಡಬ್ಬಿಯಲ್ಲಿ ಕಳಿಸಿದ ಶೇಂಗಾ ಚಟ್ನಿ ಇಷ್ಟರಲ್ಲೇ ಮುಗಿದಿರಬೇಕು. ಇಲ್ಲಿ ನಾನು ಚೆನ್ನಾಗಿದ್ದೇನೆ. ಹೊಸ ಮೊಣಕಾಲು ನನ್ನ ಮಾತು ಕೇಳುತ್ತಿದೆ, ಹಳೆಯದೇ ಈಗ ತಕರಾರು ತೆಗೆಯುತ್ತಿದೆ. ನಿನ್ನ ಮಗಳು ನಿಧಿ ಹಾಸ್ಟೆಲ್‌ನಿಂದ ಫೋನ್ ಮಾಡಿದ್ದಳು, ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಳು, ಇಬ್ಬರಿಗೂ ತಿಳಿಯಿತು. ಫೋನ್ ಇರುವಾಗ ಪತ್ರವೇಕೆ ಎನ್ನುತ್ತೀ. ಫೋನಿನಲ್ಲಿ ನಾನು ಎರಡು ಮಾತು ಆಡುವಷ್ಟರಲ್ಲಿ “ಆತು ಬಿಡವ್ವಾ, ನೋಡೂಣು” ಎಂದು ಇಟ್ಟುಬಿಡುತ್ತೀ. ಪತ್ರವಾದರೆ ಕೊನೆಯ ತನಕ ಓದಲೇಬೇಕು.

ನಿನ್ನ ಹೆಂಡತಿಯ ಸುದ್ದಿ ಬರೆಯಬೇಕೆಂದೇ ಕುಳಿತಿದ್ದೇನೆ. ರಾಜೇಶ್ವರಿ ಭಾನುವಾರ ನಯಾಗರಾ ಗಡಿಯಲ್ಲಿ ಆ ಸೈಕಲ್ ಗುಂಪನ್ನು ಸೇರಿಕೊಂಡಳು, ನಿನ್ನೆ ಸಂಜೆ ಅವರೊಂದಿಗೇ ತುಳಿದುಕೊಂಡು ಮನೆ ಮುಟ್ಟಿದಳು. ಆ ಒಂದು ರಾತ್ರಿ ಪಕ್ಕದ ಮನೆಯ ಕಲಾವತಿ ನನ್ನ ಜೊತೆಗೆ ಬಂದು ಮಲಗಿದ್ದಳು. ಸೊಸೆಯ ಮುಖ ಬಿಸಿಲಿಗೆ ಬದನೆಕಾಯಿಯಾಗಿತ್ತು, ಆದರೆ ಇಷ್ಟು ಖುಷಿಯಾಗಿದ್ದನ್ನು ನಾನು ಈ ಕೆನಡಾಕ್ಕೆ ಬಂದಮೇಲೆ ನೋಡಿರಲಿಲ್ಲ. ಗೋಕಾಕದಲ್ಲಿ ಹೈಸ್ಕೂಲಿಗೆ ಅಣ್ಣನ ಸೈಕಲ್ ತುಳಿದುಕೊಂಡು ಹೋಗುತ್ತಿದ್ದಳಂತೆ. ಇಪ್ಪತ್ತು ವರ್ಷ ಒಂದೇ ಮನೆಯಲ್ಲಿದ್ದೂ ನನಗೆ ಅದು ಗೊತ್ತಿರಲಿಲ್ಲ. ನಿನಗೆ ಗೊತ್ತಿತ್ತೇ?

ಗುಂಪಿನ ಮುಂದಾಳು ವಿನಿಫ್ರೆಡ್. ನೆನಪಿದೆಯಲ್ಲ, ನನ್ನ ಕಾಲಿನ ಆಪರೇಷನ್ ಆದಮೇಲೆ ಮನೆಗೆ ಬಂದು ವ್ಯಾಯಾಮ ಮಾಡಿಸುತ್ತಿದ್ದ, ನಾನು ಅತ್ತರೂ ಬಿಡದ ಆ ಕರಿಯ ನರ್ಸಮ್ಮ. ಕೆಲಸದಿಂದ ನಿವೃತ್ತಿಯಾಗಿದ್ದಾಳೆ, ಎಪ್ಪತ್ತು ದಾಟಿದೆ, ನನಗಿಂತ ದೊಡ್ಡವಳು. ರಾಜೇಶ್ವರಿಗೆ ಈ ಹುಚ್ಚು ಹಿಡಿಸಿದವಳೂ ಅವಳೇ. ಅವರು ಹೋಗುತ್ತಿರುವ ದಾರಿಗೆ ಅಂಡರ್‌ಗ್ರೌಂಡ್ ರೈಲ್‌ರೋಡ್ ಎಂದು ಹೆಸರು. ನಾನು ಮೊದಲು ಸುರಂಗದಲ್ಲಿ ರೈಲು ಓಡುತ್ತಿತ್ತೇನೋ ಎಂದುಕೊಂಡಿದ್ದೆ. ರೈಲೂ ಇಲ್ಲ, ಹಳಿಯೂ ಇಲ್ಲ. ಅಮೆರಿಕದಲ್ಲಿ ಜನರನ್ನು ಎತ್ತಿನ ಹಾಗೆ ಮಾರಿ ಕೊಂಡು ದುಡಿಸುತ್ತಿದ್ದ ಕಾಲದಲ್ಲಿ, ಅಲ್ಲಿಂದ ತಪ್ಪಿಸಿಕೊಂಡವರು ಹಗಲು ಅಡಗಿ, ಕತ್ತಲೆಯಲ್ಲಿ ನಡೆದು, ಕೆನಡಾದ ಗಡಿ ದಾಟಿ ಬರುತ್ತಿದ್ದರಂತೆ. ದಾರಿಯುದ್ದಕ್ಕೂ ಪುಣ್ಯವಂತರು ಗುಟ್ಟಾಗಿ ಅನ್ನ ಕೊಟ್ಟು, ಅಟ್ಟದಲ್ಲಿ ಮಲಗಿಸಿ, ಮುಂದಿನ ಮನೆಗೆ ದಾಟಿಸುತ್ತಿದ್ದರು. ಸಿಕ್ಕಿಬಿದ್ದರೆ ಎಲ್ಲರಿಗೂ ಕುತ್ತು. ಹಾಗೆ ಬಂದವರಲ್ಲಿ ಕೆಲವರು ಉತ್ತರಕ್ಕೆ ಓವನ್ ಸೌಂಡ್ ಊರಿನ ತನಕ ಹೋಗಿ ನೆಲೆ ನಿಂತರು. ಆಗಸ್ಟ್ ಒಂದನೇ ತಾರೀಖು ಗುಲಾಮರ ಬಿಡುಗಡೆಯ ದಿನ. ಅಂದು ಅಲ್ಲಿ ಮುಟ್ಟಬೇಕೆಂದು ಇವರ ಹಟ.

ನಿನ್ನೆ ಅವರಿಗೆಲ್ಲ ನಮ್ಮ ಮನೆಯಲ್ಲೇ ಊಟವೆಂದು ನಾನೇ ಹೇಳಿ ಕಳಿಸಿದ್ದೆ. ದಣಿದು ಬಂದವರು ಮನೆ ಮುಂದೆ ಹಾದು ಹೋಗುವಾಗ ದಾಸೋಹ ಮಾಡದೆ ಬಿಟ್ಟರೆ ನಾವೆಂಥ ಜನ? ಕಲಾವತಿಯೂ ಬಂದು ರೊಟ್ಟಿ ಬಡಿದಳು. ಎಣ್ಣೆಗಾಯಿಗೆ ಖಾರ ಅರ್ಧ ಹಾಕಿದ್ದೆ, ಆದರೂ ಮೂಗು ಒರೆಸುತ್ತ ಎರಡೆರಡು ಸಲ ಹಾಕಿಸಿಕೊಂಡರು. ಅದಕ್ಕಿಂತ ಮೊದಲು ಒಂದು ತಮಾಷೆಯಾಯಿತು. ದೂರದಿಂದ ಬಂದವರಿಗೆ ಕಾಲಿಗೆ ನೀರು ಕೊಡಬೇಕಲ್ಲ, ಗ್ಯಾರೇಜಿನ ಬಾಗಿಲಲ್ಲಿ ದೊಡ್ಡ ಬಕೆಟ್ಟಿನಲ್ಲಿ ಬೆಚ್ಚಗಿನ ನೀರು, ಒಂದು ಚೊಂಬು, ಹೊಸ ಟವೆಲು ಇಟ್ಟಿದ್ದೆ. ಅವರು ಅದು ಸೈಕಲ್ಲಿಗೆ ಎಂದು ತಿಳಿದರು. ನಾನು ಪಲ್ಯ ತಿರುವಿ ಹೊರಗೆ ಬರುವಷ್ಟರಲ್ಲಿ ಗಡ್ಡದವನೊಬ್ಬ ಚೊಂಬಿನಿಂದ ಗಾಲಿಗೆ ಅಭಿಷೇಕ ಮಾಡಿ, ಎಣ್ಣೆ ಮೆತ್ತಿದ ಚೈನನ್ನು ನನ್ನ ಟವೆಲಿನಿಂದ ಒರೆಸಿ, ನನಗೆ ಕೈ ಮುಗಿದು ಥ್ಯಾಂಕ್ಯೂ ಎಂದ. ರಾಜೇಶ್ವರಿ ನಕ್ಕು ನಕ್ಕು ಅಲ್ಲೇ ನೆಲಕ್ಕೆ ಕುಳಿತಳು.

ಆಮೇಲೆ ನೀರು ಯಾಕೆಂದು ಅವಳು ಬಿಡಿಸಿ ಹೇಳಿದಳು. ಎಲ್ಲರೂ ನಕ್ಕರು, ವಿನಿಫ್ರೆಡ್ ಒಬ್ಬಳು ನಗಲಿಲ್ಲ. ಮಡಚುವ ಕುರ್ಚಿಯಲ್ಲಿ ಕುಳಿತು, ಬೂಟು ಕಾಲುಚೀಲ ಬಿಚ್ಚಿ, ಮತ್ತೊಂದು ಬಕೆಟ್ ತುಂಬಿ ತರುವ ತನಕ ಕಾದಳು. ನೀರಿನಲ್ಲಿ ಕಾಲಿಟ್ಟು ಮಾತು ತೆಗೆದಳು. ಅವಳು ಹೇಳಿದ್ದನ್ನು ರಾಜೇಶ್ವರಿ ನನಗೆ ಕನ್ನಡದಲ್ಲಿ ಹೇಳಿದಳು. ವಿನಿಫ್ರೆಡ್‌ಳ ಅಜ್ಜಿಯ ಅಜ್ಜಿ ಕೆಂಟಕಿಯಿಂದ ತಪ್ಪಿಸಿಕೊಂಡು ನಡೆದು ಬಂದವಳಂತೆ. ದಾರಿಯಲ್ಲಿ ಯಾವುದೋ ಮನೆಯಲ್ಲಿ ಒಬ್ಬ ಹೆಂಗಸು ಅವಳಿಗೆ ಕಾಲಿಗೆ ನೀರು ಕೊಟ್ಟಳು. “ಆ ಊರು ಯಾವ್ದು, ಆಕಿ ಹೆಸರೇನು, ಅವರ ಮನ್ಯಾಗ ಯಾರಿಗೂ ಗೊತ್ತಿಲ್ಲಂತ್ರಿ ಅತ್ತೀ. ನೀರು ಬೆಚ್ಚಗಿತ್ತು ಅಂತಷ್ಟೇ ಗೊತ್ತಂತ.” ನಿಜಗುಣಾ, ನನಗೆ ಕಣ್ಣಲ್ಲಿ ನೀರು ಬಂತು. ಹೆಸರು ಅಳಿದರೂ ನೀರಿನ ಬಿಸಿ ಇಷ್ಟು ತಲೆಮಾರು ಉಳಿಯಿತಲ್ಲ. ಅಂಥವರ ವಂಶದವಳು ನನ್ನನ್ನು ಕೈಹಿಡಿದು ನಡೆಸಿದಳು ಎಂದು ನನಗೆ ಹೆಮ್ಮೆಯಾಯಿತು.

ಊಟ ಮುಗಿದು, ಗುಂಪಿನವರು ಚರ್ಚಿನ ಹಾಲ್‌ನಲ್ಲಿ ಮಲಗಲು ಹೋದಮೇಲೆ ನಿನ್ನ ಫೋನ್ ಬಂತು. ನೀನು ಹೇಳಿದ್ದು ನನಗೂ ಕೇಳಿಸಿತು, ಸ್ಪೀಕರ್ ಇತ್ತು. “ಮನಿ ಮುಟ್ಟಿದಿ, ಇನ್ನ ಸಾಕು. ಅವ್ವನ್ನ ಬಿಟ್ಟು ಎಲ್ಲಿಗೂ ಹೋಗಬ್ಯಾಡ.” ಅವಳು “ಹೂಂ” ಎಂದಳು. ಸೈಕಲ್ಲಿನ ಹಳದಿ ಜಾಕೀಟು ಮಡಚಿ ಕಪಾಟಿನಲ್ಲಿಟ್ಟಳು. ಇವತ್ತು ಗುಂಪಿಗೆ ವಿಶ್ರಾಂತಿ, ನಾಳೆ ಬೆಳಿಗ್ಗೆ ಓವನ್ ಸೌಂಡಿಗೆ ಹೊರಡುತ್ತಾರೆ. ಬೆಳಿಗ್ಗೆಯಿಂದ ಅವಳು ಗ್ಯಾರೇಜಿನ ಕಡೆ ಹೋಗಿಲ್ಲ. ಹೋಗವ್ವಾ ಎಂದರೆ “ಬ್ಯಾಡ್ರಿ ಅತ್ತೀ, ಅವರು ಹೇಳೂದೂ ಖರೇನ ಐತಿ, ನಿಮ್ಮನ್ನ ಯಾರ ನೋಡ್ಬೇಕು” ಎನ್ನುತ್ತಾಳೆ. ಕಲಾವತಿಯ ಮನೆಗೆ ಇವತ್ತು ಬೀಗರು ಬಂದಿದ್ದಾರೆ, ಅವಳನ್ನು ಮತ್ತೆ ಕರೆಯುವ ಹಾಗಿಲ್ಲ.

ನನ್ನ ಮೇಲಿನ ನಿನ್ನ ಕಾಳಜಿಗೆ ನಾನು ಕಲ್ಲು ಹಾಕುವುದಿಲ್ಲ. ಆದರೆ ಆಪರೇಷನ್ ಆದಾಗ ನನಗೆ ಸ್ನಾನ ಮಾಡಿಸಿದವಳು ಅವಳು. ಔಷಧಿ ಅಂಗಡಿಯ ಶಿಫ್ಟು ಮುಗಿಸಿ ಬಂದು, ನಿಂತಲ್ಲೇ ಚಹಾ ಕುಡಿದು, ನನ್ನ ಕಾಲು ಒತ್ತಿದಳು. ಒಂದು ದಿನವೂ ಮುಖ ಗಂಟು ಹಾಕಲಿಲ್ಲ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಅವಳ ಕಾಲ ಬಂದಾಗ ಅಡ್ಡ ನಿಲ್ಲುವ ಕಲ್ಲು ನಾನೇ ಆಗಬೇಕೇ? ನೀನು ಒಳ್ಳೆಯವನು, ಆದರೆ ನಿಮ್ಮಪ್ಪನ ಹಾಗೆ ಮೊದಲು ಬೇಡ ಎಂದು ಆಮೇಲೆ ಯೋಚನೆ ಮಾಡುತ್ತೀ. ಈ ಪತ್ರ ನಿನಗೆ ಮುಟ್ಟುವ ಹೊತ್ತಿಗೆ ನಾಳೆ ಬೆಳಗು ಕಳೆದು ಎಷ್ಟೋ ದಿನವಾಗಿರುತ್ತದೆ. ಅದು ಗೊತ್ತಿದ್ದೇ ಬರೆದಿದ್ದೇನೆ.

ಹೊಟ್ಟೆ ತುಂಬ ಉಣ್ಣು, ಹೊತ್ತಿಗೆ ಸರಿಯಾಗಿ ಮಲಗು. ಬಸವಣ್ಣ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅವ್ವ
ಸುಶೀಲವ್ವ

ತಾ.ಕ.: ಬುಧವಾರ ಸಂಜೆ. ದಾರಿಯಲ್ಲಿ ಆರೆಂಜ್‌ವಿಲ್‌ನಿಂದ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಕಾಗದ ತೊಡೆಯ ಮೇಲೆ ಇಟ್ಟುಕೊಂಡದ್ದಕ್ಕೆ. ಗುಂಪಿನ ಸಾಮಾನು ಹೊರುವ ವ್ಯಾನಿನಲ್ಲಿ ಮುಂದಿನ ಸೀಟು ಖಾಲಿ ಇತ್ತು, ನಿನ್ನೆಯೇ ನನ್ನ ಹರಕು ಇಂಗ್ಲಿಷಿನಲ್ಲಿ ವಿನಿಫ್ರೆಡ್‌ಳಿಗೆ ಫೋನ್ ಮಾಡಿ ಕೇಳಿಕೊಂಡಿದ್ದೆ. ಬೆಳಿಗ್ಗೆ ಚೀಲ, ಕೋಲು ಹಿಡಿದು ಬಾಗಿಲಲ್ಲಿ ನಿಂತು ರಾಜೇಶ್ವರಿಗೆ ಹೇಳಿದೆ: “ನಾ ಓವನ್ ಸೌಂಡಿಗೆ ಹೊಂಟೇನಿ. ಗಂಡನ ಮಾತು ಮೀರಬ್ಯಾಡ ನೋಡವಾ, ನನ್ನ ಬಿಟ್ಟಿರಬ್ಯಾಡ ಅಂದಾನ.” ಹಂಚಿನ ಮೇಲಿನ ಚಪಾತಿ ಅಲ್ಲೇ ಬಿಟ್ಟು ಜಾಕೀಟಿಗೆ ಓಡಿದಳು. ಇಷ್ಟು ಹೊತ್ತು ನಮ್ಮ ಮುಂದೆಯೇ ತುಳಿಯುತ್ತಿದ್ದಳು, ಈಗ ಇಳಿದು ನೀರು ಕುಡಿಯುತ್ತಿದ್ದಾಳೆ. ಈ ನಡುವೆ ಮನೆಗೆ ಫೋನ್ ಮಾಡಿದ್ದರೆ ಬೈಯಬೇಡ, ಎತ್ತಲು ಯಾರೂ ಇರಲಿಲ್ಲ.