ಮೂರು ಮನೆ ಕೆಳಗೆ

ಮಾರ್ಚ್ 4, ಬೆಳಿಗ್ಗೆ

ಸೋಪಿನ ಜಾಹೀರಾತಿಗೆ ಟ್ಯೂನ್ ಕಳಿಸಿದ್ದಾಯಿತು. ‘ಇನ್ನೂ ಸ್ವಲ್ಪ ನೊರೆ ಬೇಕು’ ಎಂದು ಉತ್ತರ. ಸ್ವರಕ್ಕೆ ನೊರೆ ಎಲ್ಲಿಂದ ತರಲಿ, ನನ್ನ ತಲೆ. ಹೇಗೋ ಕಲಸಿ ಮತ್ತೆ ಕಳಿಸಿದೆ. ಇನ್ನು ಈ ತಿಂಗಳೆಲ್ಲ ನನ್ನದೇ ಕೆಲಸ.

ಆಲ್ಬಮ್ಮಿನ ಏಳು ರಚನೆಗಳಲ್ಲಿ ಆರು ರೆಕಾರ್ಡ್ ಆಗಿವೆ. ಉಳಿದದ್ದು ಐದನೆಯದು, ದೊಡ್ಡದು. ಜಾಝ್‌ನವರ ಸ್ಯಾಕ್ಸಫೋನ್, ಡ್ರಮ್ಸ್, ಬೇಸ್. ಆಫ್ರಿಕಾದ ಕೋರಾ — ಮಡಿಲಲ್ಲಿಟ್ಟುಕೊಂಡು ಮೀಟುವ ತಂತಿವಾದ್ಯ. ಪಿಯಾನೋಗೆ ನಾನು. ನಡುವೆ ಅತ್ತೆಯ ಶಾಸ್ತ್ರೀಯ ಕಂಠ. ಎಲ್ಲರೂ ಒಂದೇ ಕೋಣೆಯಲ್ಲಿ, ಒಂದೇ ಸಲ. ತುಂಡು ತುಂಡು ಮಾಡಿ ಅಂಟಿಸುವುದಿಲ್ಲ. ಹಟ ಅಂದರೆ ಹಟ. ನಲವತ್ತಮೂರಕ್ಕೆ ಮೊದಲ ಆಲ್ಬಮ್ ಮಾಡುವವಳಿಗೆ ಅದಾದರೂ ಇರಲಿ.

ಅತ್ತೆ ಅಂದರೆ ಅಪ್ಪನ ಅಕ್ಕ. ನನಗೆ ಸ್ವರ ಕಲಿಸಿದವಳು. ವೇದಿಕೆ ಬಿಟ್ಟು ಆರೇಳು ವರ್ಷವಾಯಿತು. ಐದನೆಯದನ್ನು ಬರೆದದ್ದೇ ಅವಳಿಗಾಗಿ. ಅವಳು ಹಾಡದಿದ್ದರೆ ಈ ಆಲ್ಬಮ್ ಇಲ್ಲ. ಅಷ್ಟೇ.

ಮಾರ್ಚ್ 7

ಮೊದಲ ರಿಹರ್ಸಲ್. ಸ್ಯಾಕ್ಸಫೋನಿನವನು — ನಮಗೆಲ್ಲ ಅವನು ‘ದೊರೆ’, ಬರುವುದು ತಡ, ಬಂದ ಕೂಡಲೇ ಒಳ್ಳೆಯ ಕುರ್ಚಿ ಬೇಕು — ಅತ್ತೆಯನ್ನು ಕಂಡು ಎದ್ದು ಆ ಕುರ್ಚಿಯನ್ನೇ ಬಿಟ್ಟುಕೊಟ್ಟ. ಇದು ದಾಖಲಾಗಬೇಕಾದ ಘಟನೆ.

ಹಾಡು ಏರುತ್ತ ಏರುತ್ತ ಮೇಲಿನ ಸ್ವರ ಮುಟ್ಟುವ ಜಾಗ. ಅತ್ತೆ ಅಲ್ಲಿ ನಿಲ್ಲಿಸಿದಳು. ಹೆಡ್‌ಫೋನ್ ಸರಿಯಿಲ್ಲವಂತೆ. ಬದಲಾಯಿಸಿದೆವು. ಮತ್ತೆ ಅಲ್ಲೇ ನಿಂತಳು. ಪಿಯಾನೋ ಅಪಸ್ವರವಂತೆ. ಮತ್ತೊಮ್ಮೆ ನೀರು ಕೇಳಿದಳು. ಕುಣಿಯಲಾರದೆ ನೆಲ ಡೊಂಕು ಅನ್ನುವ ಪೈಕಿಯಲ್ಲ ನಮ್ಮತ್ತೆ. ಆದರೂ... ಏನೋ ಇದೆ.

ಮಾರ್ಚ್ 8

ಸೌಂಡ್ ಇಂಜಿನಿಯರ್ ನನ್ನೊಬ್ಬಳನ್ನೇ ಕೂರಿಸಿ ನಿನ್ನೆಯದನ್ನು ಕೇಳಿಸಿದ. ಸುತ್ತಿ ಬಳಸಿ ಮಾತಾಡುವ ಮನುಷ್ಯನಲ್ಲ.

“ಆ ಸ್ವರ ಈಗ ಅವರ ಹತ್ರ ಇಲ್ಲ ಮೇಡಂ.”

ಸಿಟ್ಟು ಬಂತು. ಅವನ ಮೇಲಲ್ಲ. ನಾನು ಬರೆದದ್ದು ನನ್ನ ತಲೆಯೊಳಗಿನ ಅತ್ತೆಗೆ, ಶಾಲೆಯ ದಿನಗಳಲ್ಲಿ ಕೇಳಿದ ಗಂಟಲಿಗೆ. ಈಗ ಒಮ್ಮೆ ಹಾಡಿಸಿ ನೋಡಬೇಕು ಎಂದು ಹೊಳೆಯಲೇ ಇಲ್ಲ. ಸೋಪಿಗೆ ಹಾಡುವ ಹುಡುಗಿಗೂ ಮೊದಲು ದನಿ ಎಷ್ಟು ಏರುತ್ತದೆ ಎಂದು ಕೇಳಿಯೇ ಬರೆಯುತ್ತೇನೆ. ಮನೆಯವಳಲ್ಲವೇ, ಸದರ.

ಅವನದೊಂದು ಉಪಾಯ. ಅತ್ತೆ ಬೇರೆಯಾಗಿ, ತಗ್ಗಿನಲ್ಲೇ ಹಾಡಲಿ, ಕಂಪ್ಯೂಟರಿನಲ್ಲಿ ಮೇಲೆತ್ತೋಣ. ಒಂದು ಸಾಲು ಮಾಡಿ ತೋರಿಸಿದ. ಅಯ್ಯೋ, ಅದೇ ದನಿ. ನನ್ನ ಬಾಲ್ಯದ ಅತ್ತೆ. ಅಳು ಬಂದುಬಿಟ್ಟಿತು. ಹೀಗೇ ಮಾಡೋಣ ಅಂದೆ. ಒಂದೇ ಕೋಣೆ, ಒಂದೇ ಸಲ ಎಂಬ ಹಟ ಆಗ ಎಲ್ಲಿಗೆ ಹೋಗಿತ್ತೋ.

ಮಾರ್ಚ್ 10

ಕದ್ದು ಮಾಡಲು ಮನಸ್ಸು ಬರಲಿಲ್ಲ. ಅತ್ತೆಯ ಅಡುಗೆಮನೆಯಲ್ಲಿ ಕೂತು ಫೋನಿನಲ್ಲೇ ಕೇಳಿಸಿದೆ. ಬಟಾಣಿ ಬಿಡಿಸುತ್ತಿದ್ದಳು. ಕೈ ನಿಲ್ಲಿಸದೆ ಪೂರ್ತಿ ಕೇಳಿದಳು.

“ಚೆನ್ನಾಗ್ ಹಾಡ್ತಾಳೆ. ಯಾರಿವಳು?”

ನೀನೇ ಅತ್ತೆ, ಅಂದೆ.

“ಗೊತ್ತು ಕಣೆ. ಅವಳು ಹೋಗಿ ಬಹಳ ದಿನ ಆಯ್ತು. ಅವಳಿಗೆ ಅಂತ ಬರ್ದಿದ್ದೀಯ, ಅವಳ ಹತ್ರಾನೇ ಹಾಡಿಸ್ಕೋ.”

ತಾನು ಹಾಡುವುದಿಲ್ಲವಂತೆ. ನಾನು ಹೊರಡುವಾಗ ಬಟಾಣಿಯನ್ನು ಡಬ್ಬಿಗೆ ಹಾಕಿ ಕೈಗಿತ್ತಳು, ಮನೆಗೆ ತಗೊಂಡು ಹೋಗು ಎಂದು. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಮಾರ್ಚ್ 15

ಬೇರೆ ಗಾಯಕಿಯನ್ನು ನೋಡು ಎಂದು ಗಂಡ. ಅದನ್ನೇ ದೊರೆಯೂ ಅಂದ. ಇಪ್ಪತ್ತೆಂಟಕ್ಕೆ ಅವನು ಟೂರ್ ಹೊರಡುತ್ತಾನೆ, ಆಮೇಲೆ ವರ್ಷವಿಡೀ ಕೈಗೆ ಸಿಗುವ ಆಸಾಮಿಯಲ್ಲ. ಎಲ್ಲರೂ ಹೇಳುವುದು ಸರಿ. ಆದರೂ ಇಲ್ಲ. ಆಗದು.

ಇಳಿಸುತ್ತೇನೆ. ಇಡೀ ರಚನೆಯನ್ನು, ಪಿಯಾನೋದಲ್ಲಿ ಕಪ್ಪು ಬಿಳಿ ಎರಡನ್ನೂ ಎಣಿಸಿ ಮೂರು ಮನೆ ಕೆಳಕ್ಕೆ.

ಮಾರ್ಚ್ 17

ಇಳಿಸುವುದೆಂದರೆ ಲಿಫ್ಟಿನ ಗುಂಡಿ ಒತ್ತಿದ ಹಾಗಲ್ಲ. ಕೋರಾದವಳು ಇಪ್ಪತ್ತೊಂದು ತಂತಿಯನ್ನೂ ಹೊಸದಾಗಿ ಶ್ರುತಿ ಮಾಡಬೇಕು. ಪಾಪ, ಆಗಲೇ ಶುರು ಮಾಡಿದಳು. ದೊರೆಯ ವಾದ್ಯಕ್ಕೆ ಈ ಹೊಸ ಶ್ರುತಿ, ಅವನ ಭಾಷೆಯಲ್ಲಿ ಕೀ, ಅಂದರೆ ಏಳು ಸ್ವರದಲ್ಲಿ ಏಳೂ ಶಾರ್ಪ್, ಒಂದೊಂದು ಮನೆ ಮೇಲೆ, ಬೆರಳು ಗಂಟು ಬೀಳುತ್ತದೆ. ಹಾಳೆ ನೋಡಿ, ತನ್ನ ಮೇಲೆ ಹಳೆಯ ದ್ವೇಷ ಏನಾದರೂ ಇದೆಯಾ ಎಂದು ಕೇಳಿದ. ಇಲ್ಲ, ಹೊಸದು, ಅಂದೆ.

ಮಾರ್ಚ್ 18

ಹೊಸ ಹಾಳೆ ಹಿಡಿದು ಅತ್ತೆಯ ಮನೆಗೆ. ಮುದುಕಿ ಹತ್ತಲಿ ಅಂತ ಮೆಟ್ಟಿಲು ತಗ್ಗಿಸಿದ್ದೀಯಾ ಎಂದಳು ಬಾಗಿಲಲ್ಲೇ. ಅವಳಿಗೆ ಯಾರ ಕರುಣೆಯೂ ಬೇಡವಂತೆ. ನನಗೆ ತಡೆಯಲಾಗಲಿಲ್ಲ. ಕರುಣೆ ಅಲ್ಲ ಅತ್ತೆ, ಸ್ವಾರ್ಥ. ಆ ದನಿ ಹೋದರೆ ಹೋಗಲಿ, ಈಗ ಇರುವುದು ನನಗೆ ಬೇಕು ಎಂದು ಕೂಗಾಡಿದೆ. ಪಕ್ಕದ ಮನೆಯವರು ಟಿವಿ ಸದ್ದು ತಗ್ಗಿಸಿ ಕೇಳಿಸಿಕೊಂಡರು.

ಮೊಂಡುತನ ನಿಮ್ಮಪ್ಪನದೇ, ಅಂದಳು. ಒಳಗೆ ಹೋಗಿ ಕೂತಳು. ಆಮೇಲೆ ಹಾಳೆ ನೋಡದೆ ತನ್ನಷ್ಟಕ್ಕೆ ಹಾಡತೊಡಗಿದಳು, ಎಲ್ಲಿಯವರೆಗೆ ಇಳಿಯಬಹುದು ಎಂದು ಕಾಲು ಚಾಚಿ ನೋಡುವವಳ ಹಾಗೆ. ಕೆಳಗೆ, ಇನ್ನೂ ಕೆಳಗೆ... ಏನಿದೆ ಅಲ್ಲಿ! ಒರಟು, ಬೆಚ್ಚಗೆ. ಪ್ರಾಯದಲ್ಲಿ ಅವಳಿಗೆ ಆ ಸ್ವರಗಳು ಇರಲೇ ಇಲ್ಲ. ಕಳೆದದ್ದನ್ನೇ ನೋಡುತ್ತ ಕೂತಿದ್ದೆವು, ಬಂದದ್ದನ್ನು ಇಬ್ಬರೂ ನೋಡಿರಲಿಲ್ಲ.

ಹಾಡು ಏರುವುದೇ ಬೇಡ. ಕೊನೆಗೆ ಇಳಿಯಲಿ. ಕೀ ಬದಲಾಯಿಸಿದರೆ ಸಾಲದು, ಕೊನೆಯ ಭಾಗವನ್ನೇ ಹರಿದೆ, ಹೊಸದು ಬರೆಯುತ್ತೇನೆ. ಹಾಡ್ತೀಯಾ ಎಂದು ಕೇಳಿದ್ದಕ್ಕೆ, ಬರಿ, ನೋಡೋಣ ಅಂದಳು. ‘ನೋಡೋಣ’ ಅಂದರೆ ನಮ್ಮ ಮನೆಯಲ್ಲಿ ಹೂಂ ಅಂತಲೂ ಅಲ್ಲ, ಊಹೂಂ ಅಂತಲೂ ಅಲ್ಲ.

ಮಾರ್ಚ್ 25

ಮುಗಿಯಿತು. ಬೆನ್ನು ಹಲಗೆಯಾಗಿದೆ. ಹಾಳೆಗಳನ್ನು ಅತ್ತೆಗೆ ಕೊಟ್ಟು ಬಂದೆ. ಓದಿದಳು. ಸ್ಟುಡಿಯೋ ಎಷ್ಟು ಹೊತ್ತಿಗೆ ಎಂದು ಮಾತ್ರ ಕೇಳಿದಳು.

ಮಾರ್ಚ್ 27, ಸ್ಟುಡಿಯೋ, ಮಧ್ಯಾಹ್ನ

ಬಂದಳು. ದೊರೆಗಿಂತ ಮೊದಲೇ.

ಎರಡನೆಯ ಟೇಕ್ ಸರಿಹೋಯಿತು. ಎಲ್ಲೂ ತಪ್ಪಿಲ್ಲ. ಇಂಜಿನಿಯರ್ ಗಾಜಿನಾಚೆಯಿಂದ ಹೆಬ್ಬೆರಳೆತ್ತಿದ. ಡ್ರಮ್ಮಿನವನು ಕೈ ಒರೆಸಿಕೊಂಡ. ದೊರೆ ಸ್ಯಾಕ್ಸಫೋನನ್ನು ಪೆಟ್ಟಿಗೆಯಲ್ಲಿಟ್ಟ. ನಾನು ಉಸಿರು ಬಿಟ್ಟೆ. ಆಲ್ಬಮ್ ಮುಗಿದಂತೆಯೇ.

ಅತ್ತೆ ಮೈಕಿನ ಮುಂದಿನಿಂದ ಕದಲಲಿಲ್ಲ. ಅಷ್ಟು ಜನರೆದುರು, ಸಲೀಸಾಗಿ ಹೇಳಿದಳು:

“ಇನ್ನೊಂದು ಮನೆ ಇಳಿಸು. ಇದೂ ನಂಗೆ ಮೇಲಾಯ್ತು. ನನ್ನ ದನಿ ಅದಕ್ಕೂ ಕೆಳಗಿದೆ.”

ಕೋರಾದವಳು ತನ್ನ ತಂತಿಗಳನ್ನು ನೋಡಿದಳು, ನನ್ನನ್ನು ನೋಡಿದಳು. ದೊರೆ ಬೆರಳಲ್ಲಿ ಏನೋ ಲೆಕ್ಕ ಹಾಕಿದ. ಆಮೇಲೆ ನಗತೊಡಗಿದ. ಆ ಕೀಯಲ್ಲಿ ಅವನಿಗೆ ಒಂದು ಶಾರ್ಪೂ ಇಲ್ಲವಂತೆ, ಇಷ್ಟು ದಿನ ಅಮ್ಮಾವ್ರನ್ನೇ ಕೇಳಿದ್ದರೆ ಅವನ ಬೆರಳಾದರೂ ಉಳಿಯುತ್ತಿತ್ತಂತೆ. ಪೆಟ್ಟಿಗೆ ಮತ್ತೆ ತೆರೆದ.

ನನಗೋ, ಅವಳ ಕಾಲಿಗೆ ಬೀಳಲೋ ಕತ್ತು ಹಿಸುಕಲೋ ತಿಳಿಯುತ್ತಿಲ್ಲ. ಖುಷಿ ಅಂದರೆ ಖುಷಿ. ಹಾಳೆಗಳ ಮೇಲೆಲ್ಲ ಪೆನ್ಸಿಲಿನಲ್ಲಿ ಗೀಚಿಕೊಟ್ಟೆ. ಕೋರಾ ಶ್ರುತಿ ಆಗುವವರೆಗೆ ಇಲ್ಲಿ ಕಿಟಕಿಯ ಹತ್ತಿರ ಕೂತು ಇದನ್ನು ಬರೆಯುತ್ತಿದ್ದೇನೆ.

ಕೊನೆಯ ತಂತಿ. ಇಂಜಿನಿಯರ್ ಕೈ ಎತ್ತಿದ. ಪಿಯಾನೋಗೆ ಹೋಗಬೇಕು. ಇರು ಅತ್ತೆ, ಒಂದು ಸಾಲು — ಇಲ್ಲ, ಶುರು ಮಾಡಿಯೇಬಿಟ್ಟಳು, ನಾನಿಲ್ಲದೆಯೇ, ಆ ಕೆಳಗಿನ